ಸೀಟ್ ಕಟ್ ಮಾಡೋದು ಕೆಳಗೆ, ಲೆಕ್ಕ ಕೂಡೋದು ಮೇಲೆ: ಹೆಡ್ ಕಟ್ಟುವಾಗ ರಾಕರ್ ಜಾಮೆಟ್ರಿ ಸರಿ ಮಾಡುವ ಬಗೆ

ಕಳೆದ ಕಬ್ಬಿನ ಕಾಲದಲ್ಲಿ ಪಾಂಡವಪುರದ ಕಡೆಯಿಂದ ಒಂದು ಮೂರು ಸಿಲಿಂಡರ್ ಟ್ರ್ಯಾಕ್ಟರ್ ಮಂಡ್ಯದ ನಮ್ಮ ಶೆಡ್ಡಿಗೆ ಬಂತು. ಟ್ರೈಲರ್ ಇನ್ನೂ ಬಿಚ್ಚಿರಲಿಲ್ಲ, ಅದರ ಸಂದಿಯಲ್ಲೆಲ್ಲ ಕಬ್ಬಿನ ಸೋಗೆ ಸಿಕ್ಕಿಕೊಂಡಿತ್ತು.

"ಹೆಡ್ ಮಾಡ್ಸಿ ಎರಡು ತಿಂಗ್ಳೂ ಆಗಿಲ್ಲ ಕಣಣ್ಣ. ಆಗ್ಲೇ ಎಣ್ಣೆ ಕುಡೀತಾದೆ, ಬೆಳಿಗ್ಗೆ ಸ್ಟಾರ್ಟ್ ಮಾಡುದ್ರೆ ನೀಲಿ ಹೊಗೆ" ಅಂದರು ಯಜಮಾನರು. ಹೆಡ್ ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ವಾಲ್ವ್ ಕೂರುವುದು ಅದರಲ್ಲೇ. ವಾಲ್ವ್ ಹೊಸದು, ಸೀಟ್ (ವಾಲ್ವ್ ಕೂತು ಮುಚ್ಚುವ ಇಳಿಜಾರಿನ ಜಾಗ) ಕಟ್ ಮಾಡಿಸಿದ್ದಾರೆ, ಟ್ಯಾಪೆಟ್ (ರಾಕರ್‌ಗೂ ವಾಲ್ವಿಗೂ ನಡುವಿನ ಸಂದಿ) ಸೆಟ್ ಮಾಡಿಸಿದ್ದಾರೆ. ಬಿಲ್ಲು ಜೇಬಿನಲ್ಲೇ ಇತ್ತು.

ರಾಕರ್ ಅಂದರೆ ವಾಲ್ವನ್ನು ಒತ್ತಿ ತೆರೆಯುವ ತೋಳು. ಅದರ ಕವರ್ ತೆಗೆದು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಹಾಕಿದೆ. ಕ್ಲಿಯರೆನ್ಸ್ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ರಾಕರ್‌ಗಳನ್ನು ಪೋಣಿಸಿದ ಶಾಫ್ಟ್ ಬಿಚ್ಚಿ, ವಾಲ್ವಿನ ಕಡ್ಡಿಯ ಭಾಗವಾದ ಸ್ಟೆಮ್‌ಗಳ ತುದಿಯನ್ನು ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಟ್ಟೆ. ಅಲ್ಲಿ ಕಥೆ ಇತ್ತು. ರಾಕರ್ ಉಜ್ಜಿದ ಗುರುತು ಸ್ಟೆಮ್ ತುದಿಯ ನಡುವೆ ಒಂದು ಸಣ್ಣ ಪಟ್ಟಿಯ ಹಾಗೆ ಇರಬೇಕು. ಐದು ವಾಲ್ವ್‌ಗಳಲ್ಲಿ ಹೆಚ್ಚುಕಮ್ಮಿ ಹಾಗೇ ಇತ್ತು. ಎರಡನೇ ಸಿಲಿಂಡರಿನ ಇನ್‌ಲೆಟ್ ವಾಲ್ವ್‌ನಲ್ಲಿ ಮಾತ್ರ ಪಟ್ಟಿ ನಡು ಬಿಟ್ಟು ಶಾಫ್ಟಿನ ಕಡೆಗೆ ಸರಿದಿತ್ತು. ಪಕ್ಕದ್ದಕ್ಕಿಂತ ಒಂದೂವರೆ ಪಟ್ಟು ಅಗಲ. ಉಗುರಿನಲ್ಲಿ ಗೀರಿದರೆ ಸಣ್ಣ ತಗ್ಗು ಕೈಗೆ ಸಿಗುತ್ತಿತ್ತು. ವಾಲ್ವ್ ಹಿಡಿದು ಅಲ್ಲಾಡಿಸಿದರೆ ಗೈಡಿನಲ್ಲಿ (ಸ್ಟೆಮ್ ಜಾರುವ ಕೊಳವೆ) ಟಕ್ ಟಕ್ ಅಂತ ಆಟ. ಎಣ್ಣೆ ಇಳಿಯುತ್ತಿದ್ದದ್ದು ಆ ದಾರಿಯಲ್ಲೇ.

ಸ್ಕೇಲಿಟ್ಟು ಅಳೆದೆ. ಆ ಒಂದು ಸ್ಟೆಮ್ ಉಳಿದವಕ್ಕಿಂತ 1.8 ಮಿಲಿಮೀಟರ್ ಮೇಲೆ ಬಂದಿತ್ತು.

ಹೆಡ್ ಕೆಲಸ ಮಾಡುವ ಹುಡುಗರು ಮೊದಲು ತಲೆಯಲ್ಲಿ ಕೂರಿಸಿಕೊಳ್ಳಬೇಕಾದ್ದು ಇದನ್ನೇ. ಕೆಳಗೆ ಸೀಟಿನಲ್ಲಿ ಲೋಹ ತೆಗೆದರೆ ವಾಲ್ವ್ ಹೆಡ್ಡಿನ ಒಳಕ್ಕೆ ಹೋಗುತ್ತದೆ. ಒಳಕ್ಕೆ ಹೋದಷ್ಟೂ ಅದರ ತುದಿ ಮೇಲಕ್ಕೆ ಬರುತ್ತದೆ. ರಾಕರ್ ಶಾಫ್ಟ್ ಮಾತ್ರ ಇದ್ದಲ್ಲೇ ಇರುತ್ತದೆ. ಆಗ ರಾಕರ್ ಮೂತಿ ಎತ್ತಿಕೊಂಡು ನಿಲ್ಲುತ್ತದೆ. ವಾಲ್ವನ್ನು ನೇರ ಕೆಳಕ್ಕೆ ಒತ್ತುವುದನ್ನು ಬಿಟ್ಟು ಪಕ್ಕಕ್ಕೆ ಉಜ್ಜುತ್ತಾ ತಳ್ಳುತ್ತದೆ. ಟ್ಯಾಪೆಟ್ ಸ್ಕ್ರೂ ತಿರುಗಿಸಿದರೆ ಸಂದಿ ಸರಿಯಾಗುತ್ತದೆ, ಈ ಓರೆ ಸರಿಯಾಗುವುದಿಲ್ಲ. ಫೀಲರ್ ಗೇಜ್ ಸರಿ ತೋರಿಸುತ್ತಿದ್ದರೂ ಗೈಡ್ ಸವೆಯುತ್ತಾ ಹೋಗುವುದು ಹೀಗೆ.

ಎಷ್ಟು ಉಜ್ಜುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಶಾಫ್ಟಿನ ನಡುವಿನಿಂದ ರಾಕರ್ ಮೂತಿಯ ಗುಂಡಿನ ನಡುವಿಗೆ 40 ಮಿ.ಮೀ. ಇದೆ, ವಾಲ್ವ್ 10 ಮಿ.ಮೀ. ತೆರೆಯುತ್ತದೆ ಅಂತಿಟ್ಟುಕೊಳ್ಳಿ. ವಾಲ್ವ್ ಅರ್ಧ ತೆರೆದಾಗ, ಅಂದರೆ 5 ಮಿ.ಮೀ. ಇಳಿದಾಗ, ರಾಕರಿನ ಆ ನಡುಗೆರೆ ಸ್ಟೆಮ್ಮಿಗೆ ಸರಿಯಾಗಿ ಮೂಲೆಮಟ್ಟದಲ್ಲಿ (90 ಡಿಗ್ರಿ) ಇದ್ದರೆ, ಮೂತಿ ಸ್ಟೆಮ್ ತುದಿಯ ಮೇಲೆ ಸುಮಾರು 0.31 ಮಿ.ಮೀ. ಮಾತ್ರ ಆಚೆ ಈಚೆ ಸರಿಯುತ್ತದೆ. ಮುಚ್ಚಿದಾಗ ಎಷ್ಟು ಮೇಲೋ, ಪೂರ್ತಿ ತೆರೆದಾಗ ಅಷ್ಟೇ ಕೆಳಗೆ. ಇದೇ ಒಳ್ಳೆಯ ಸ್ಥಿತಿ. ಈಗ ಸ್ಟೆಮ್ 2 ಮಿ.ಮೀ. ಮೇಲೆ ಬಂತು ಅನ್ನಿ. ಸರಿಯುವುದು 0.62 ಆಗುತ್ತದೆ. ನೇರ ಎರಡರಷ್ಟು. ಎಂಜಿನ್ 1500 ಆರ್‌ಪಿಎಂನಲ್ಲಿ ಓಡುವಾಗ ಒಂದೊಂದು ವಾಲ್ವ್ ನಿಮಿಷಕ್ಕೆ 750 ಸಲ ತೆರೆಯುತ್ತದೆ, ಗಂಟೆಗೆ 45,000 ಸಲ. ಅಷ್ಟು ಸಲವೂ ಸ್ಪ್ರಿಂಗಿನ ಪೂರ್ತಿ ಒತ್ತಡದಲ್ಲಿ ಉಜ್ಜುತ್ತದೆ. ಎರಡು ತಿಂಗಳಲ್ಲಿ ಗೈಡ್ ಹೋಗಿದ್ದರಲ್ಲಿ ಆಶ್ಚರ್ಯ ಏನಿದೆ?

ನಾನು ಕೆಲಸ ಕಲಿತದ್ದು ಮೈಸೂರಿನಲ್ಲಿ. ಮೊದಲ ಮೂರು ವರ್ಷ ಬರೀ ಯೆಜ್ಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಆಗ ಊರ ತುಂಬಾ ಇದ್ದವು. ಟೂ ಸ್ಟ್ರೋಕ್ ಎಂಜಿನ್, ಹೆಡ್ಡಿನಲ್ಲಿ ವಾಲ್ವೇ ಇಲ್ಲ, ಬಿಚ್ಚಿ ಕರಿ ಕೆರೆದು ಹಾಕಿದರೆ ಮುಗಿಯಿತು. ಆಮೇಲೆ ಮಂಡ್ಯಕ್ಕೆ ಬಂದು ಪಂಪ್‌ಸೆಟ್ಟು, ಆಲೆಮನೆ ಎಂಜಿನ್ನು, ಟ್ರ್ಯಾಕ್ಟರ್ ಹೆಡ್ಡು ಹಿಡಿದಾಗ ಈ ಎತ್ತರದ ಲೆಕ್ಕ ಹೇಳಿಕೊಟ್ಟವರು ನಮ್ಮ ಮೇಸ್ತ್ರಿ. ಅವರು ಒಂದು ರೂಲ್ದಾರ್ ಪುಸ್ತಕದಲ್ಲಿ ಪ್ರತಿ ಹೆಡ್ಡಿನ ಅಳತೆ ಬರೆದಿಡುತ್ತಿದ್ದರು. ಆ ಅಭ್ಯಾಸ ನನಗೂ ಬಂತು. ನಿಮಗೂ ಬರಲಿ ಅನ್ನೋದು ನನ್ನ ಆಸೆ.

ಹಾಗಾಗಿ ಮೊದಲ ಕೆಲಸ ಬಿಚ್ಚುವುದಲ್ಲ, ಅಳೆಯುವುದು. ರಾಕರ್ ಶಾಫ್ಟ್ ತೆಗೆದ ಮೇಲೆ, ವಾಲ್ವ್ ಲಾಕ್ (ಸ್ಪ್ರಿಂಗ್ ಪ್ಲೇಟನ್ನು ಸ್ಟೆಮ್ಮಿಗೆ ಹಿಡಿದಿರುವ ತುಂಡು) ಬಿಚ್ಚುವ ಮೊದಲು, ಎಲ್ಲ ಸ್ಟೆಮ್‌ಗಳ ಎತ್ತರ ಬರೆದುಕೊಳ್ಳಿ. ಸ್ಪ್ರಿಂಗ್ ಕೂರುವ ಜಾಗದಿಂದ ಸ್ಟೆಮ್ ತುದಿಯವರೆಗೆ ವರ್ನಿಯರಿನ ಡೆಪ್ತ್ ಕಡ್ಡಿಯಲ್ಲಿ ಅಳೆಯಬಹುದು. ಸ್ಪ್ರಿಂಗ್ ಅಡ್ಡ ಬಂದರೆ, ಮಟ್ಟವಾದ ಒಂದು ಪಟ್ಟಿಯನ್ನು ಸ್ಟೆಮ್‌ಗಳ ಮೇಲೆ ಅಡ್ಡ ಇಟ್ಟು ಯಾವುದು ಎತ್ತರ, ಯಾವುದು ತಗ್ಗು ಅಂತ ಫೀಲರ್ ಗೇಜಿನಲ್ಲಿ ನೋಡಿ. ಹೆಡ್ ತಿರುಗಿಸಿ, ವಾಲ್ವ್ ಮುಖ ಹೆಡ್ ಫೇಸಿಗಿಂತ ಎಷ್ಟು ಒಳಗಿದೆ ಅನ್ನುವುದನ್ನೂ ಬರೆಯಿರಿ. ಡೀಸೆಲ್ ಹೆಡ್ಡಿನಲ್ಲಿ ಇದು ಬಹಳ ಮುಖ್ಯ. ಜಾಸ್ತಿ ಒಳಗಿದ್ದರೆ ಕಂಪ್ರೆಶನ್ ಇಳಿದು ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟ. ಹೊರಗೆ ಬಂದರೆ ಪಿಸ್ಟನ್ ಬಡಿಯುತ್ತದೆ. ಎಷ್ಟು ಇರಬೇಕು ಅಂತ ಆಯಾ ಎಂಜಿನ್ನಿನ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಮ್ಯಾನ್ಯುಯಲ್ ಇಲ್ಲದೆ ಅಂದಾಜಿನಲ್ಲಿ ಹೋಗಬೇಡಿ.

ಒಂದು ಎಚ್ಚರ. ಬಂದ ಹೆಡ್ಡು ಆಗಲೇ ಎರಡು ಮೂರು ಸಲ ಕೆಲಸ ಆದದ್ದಾಗಿರಬಹುದು. ಅದರ ಅಳತೆಯನ್ನೇ ಕಂಪನಿ ಅಳತೆ ಅಂತ ನಂಬಬಾರದು. ಆರರಲ್ಲಿ ಅತಿ ಕಡಿಮೆ ಒಳಗೆ ಹೋಗಿರುವ ವಾಲ್ವ್ ಯಾವುದೋ ಅದು ಹಳೆಯ ಸ್ಥಿತಿಗೆ ಹತ್ತಿರ ಇರುತ್ತದೆ.

ಇನ್ನು ಗೈಡ್. ಸೀಟಿಗೆ ಕೈ ಹಾಕುವ ಮೊದಲು ಗೈಡ್ ಮುಗಿಸಬೇಕು. ಯಾಕಂದರೆ ಸೀಟ್ ಕಟರಿನ ಪೈಲಟ್ ಕಡ್ಡಿ ಕೂರುವುದು ಗೈಡಿನ ಒಳಗೆ. ಗೈಡ್ ಅಂಡಾಕಾರ ಸವೆದಿದ್ದರೆ ಕಟರ್ ಓರೆ ನಿಲ್ಲುತ್ತದೆ, ಸೀಟ್ ಒಂದು ಕಡೆಗೆ ಎಳೆಯುತ್ತದೆ. ಅದನ್ನು ದುಂಡಗೆ ಮಾಡಲು ಹೋಗಿ ಇನ್ನಷ್ಟು ಲೋಹ ತೆಗೆಯುತ್ತೀರಿ. ಆ ಪಾಂಡವಪುರದ ಹೆಡ್ಡಿನಲ್ಲಿ ಆಗಿದ್ದು ಇದೇ. ಗೈಡ್ ಹಳೆಯದನ್ನೇ ಬಿಟ್ಟು, ಅದರ ಮೇಲೆ ಸೀಟ್ ಕಟ್ ಮಾಡಿದ್ದರು. ಹೊಸ ಗೈಡ್ ಪ್ರೆಸ್ಸಿನಲ್ಲಿ ಇಳಿಸಿ, ರೀಮರ್ (ತೂತನ್ನು ಅಳತೆಗೆ ತರುವ ಕಟರ್) ಹಾಕಿ, ವಾಲ್ವ್‌ಗೆ ಒಂದು ಹನಿ ಎಣ್ಣೆ ಸವರಿ ಬಿಟ್ಟರೆ ತನ್ನ ಭಾರಕ್ಕೇ ಮೆಲ್ಲಗೆ ಜಾರಿ ಇಳಿಯಬೇಕು. ಅಲ್ಲಾಡಿಸಿದರೆ ಸದ್ದು ಬರಬಾರದು.

ಸೀಟಿನ ಲೆಕ್ಕವನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. 45 ಡಿಗ್ರಿ ಸೀಟಿನ ಮುಖದಿಂದ 0.1 ಮಿ.ಮೀ. ತೆಗೆದರೆ ವಾಲ್ವ್ 0.1 ಏರುತ್ತದೆ ಅಂದುಕೊಳ್ಳುತ್ತಾರೆ. ಅದು ಇಳಿಜಾರು ಅಲ್ವಾ? ಏರುವುದು 0.14. 30 ಡಿಗ್ರಿ ಸೀಟಾದರೆ ಸುಮಾರು 0.115. ಸೀಟಿನಲ್ಲಿ 0.3, ವಾಲ್ವ್ ಮುಖ ಗ್ರೈಂಡ್ ಮಾಡಿದ್ದರಲ್ಲಿ 0.2 ಹೋಯಿತು ಅಂದರೆ ಒಟ್ಟು ಅರ್ಧ ಮಿಲಿಮೀಟರ್. ಮೇಲೆ ಕಾಣುವುದು 0.7. ಇದು ಒಂದು ಸಲದ ಕೆಲಸ. ಮೂರು ಸಲ ಆದರೆ ನೀವೇ ಗುಣಿಸಿ.

ಅದಕ್ಕೇ ಸೀಟಿನ ಪಟ್ಟಿ ಅಗಲವಾಯಿತು ಅಂತ 45 ಡಿಗ್ರಿ ಕಟರನ್ನೇ ಮತ್ತೆ ಮತ್ತೆ ತಿರುಗಿಸಬಾರದು. ಅದನ್ನು ಶುದ್ಧವಾಗುವಷ್ಟು ಮಾತ್ರ ತಿರುಗಿಸಿ. ಪಟ್ಟಿಯನ್ನು ಸಣ್ಣ ಮಾಡಲು ಹೊರಗಡೆಯಿಂದ 30, ಒಳಗಡೆಯಿಂದ 60 ಡಿಗ್ರಿ ಕಟರ್ ಇದೆ. ಅವುಗಳಿಂದ ವಾಲ್ವ್ ಕೆಳಗಿಳಿಯುವುದಿಲ್ಲ, ಏರುವುದೂ ಇಲ್ಲ, ಪಟ್ಟಿ ಮಾತ್ರ ಜಾಗ ಬದಲಿಸುತ್ತದೆ. ಲ್ಯಾಪಿಂಗ್ ಪೇಸ್ಟ್ ಹಚ್ಚಿ ನೋಡಿದಾಗ ಬೂದು ಗೆರೆ ವಾಲ್ವ್ ಮುಖದ ನಡುವೆ ಸುತ್ತಲೂ ಒಂದೇ ಅಗಲ ಇದ್ದರೆ ಅಲ್ಲಿಗೆ ನಿಲ್ಲಿಸಿ.

ಈಗಾಗಲೇ ತೀರಾ ಒಳಗೆ ಹೋಗಿದ್ದರೆ ಹೊಸ ಸೀಟ್ ರಿಂಗ್ ಹಾಕಿಸುವುದೇ ದಾರಿ. ಬೋರಿಂಗ್ ಮೆಷಿನ್ ಇರುವ ಕಡೆ ಹೆಡ್ಡಿನಲ್ಲಿ ಜಾಗ ಬೋರ್ ಮಾಡಿಸಿ, ರಿಂಗನ್ನು ತಣ್ಣಗೆ ಮಾಡಿ, ಹೆಡ್ ಬಿಸಿ ಮಾಡಿ ಕೂರಿಸುತ್ತಾರೆ. ಖರ್ಚು ಜಾಸ್ತಿ, ನಿಜ. ಆದರೆ ತಪ್ಪು ಎಲ್ಲಿ ಆಯಿತೋ ಅಲ್ಲೇ ತಿದ್ದುವ ಕೆಲಸ ಇದೊಂದೇ. ಸ್ಟೆಮ್ ಎತ್ತರ, ಸ್ಪ್ರಿಂಗ್ ಎತ್ತರ, ಕಂಪ್ರೆಶನ್, ಮೂರೂ ಒಟ್ಟಿಗೆ ವಾಪಸ್ ಬರುತ್ತವೆ. ನಾನು ಗಿರಾಕಿಗೆ ಇದನ್ನು ಹೆಡ್ ಮುಂದಿಟ್ಟುಕೊಂಡೇ ತೋರಿಸುತ್ತೇನೆ. ಕಣ್ಣಾರೆ ನೋಡಿದ ರೈತರು ಬೇಡ ಅಂದದ್ದು ಕಡಿಮೆ.

ಸ್ಟೆಮ್ ತುದಿಯನ್ನು ಗ್ರೈಂಡ್ ಮಾಡಿ ಎತ್ತರ ಇಳಿಸುವುದು ಎಲ್ಲರಿಗೂ ಗೊತ್ತಿರುವ ಸುಲಭದ ದಾರಿ. ಕಾಲು ಮಿಲಿಮೀಟರಿಗಿಂತ ಜಾಸ್ತಿ ನಾನು ಮುಟ್ಟುವುದಿಲ್ಲ. ತುದಿಯಲ್ಲಿ ಗಟ್ಟಿ ಮಾಡಿದ ಪದರ ತೆಳ್ಳಗಿರುತ್ತದೆ. ಅದು ಹೋದರೆ ಒಳಗಿನ ಮೆತ್ತನೆ ಲೋಹದ ಮೇಲೆ ರಾಕರ್ ಓಡುತ್ತದೆ, ಕೆಲವೇ ದಿನದಲ್ಲಿ ತಗ್ಗು ಬೀಳುತ್ತದೆ. ಇನ್ನೊಂದು ಅಪಾಯ, ತುದಿ ಗಿಡ್ಡವಾದರೆ ರಾಕರ್ ಸ್ಪ್ರಿಂಗ್ ಪ್ಲೇಟಿಗೋ ವಾಲ್ವ್ ಲಾಕಿಗೋ ತಾಗಬಹುದು. ಲಾಕ್ ಹಾರಿದರೆ ವಾಲ್ವ್ ಸಿಲಿಂಡರಿನ ಒಳಗೆ ಬೀಳುತ್ತದೆ. ಆಮೇಲೆ ಪಿಸ್ಟನ್, ಹೆಡ್, ಲೈನರ್ ಎಲ್ಲಾ ಹೋಯಿತು.

ಸ್ಪ್ರಿಂಗನ್ನೂ ಮರೆಯಬಾರದು. ವಾಲ್ವ್ ಏರಿದಷ್ಟೂ ಸ್ಪ್ರಿಂಗ್ ಸಡಿಲ. 1 ಮಿ.ಮೀ. ಅದುಮಲು 2 ಕೆ.ಜಿ. ಭಾರ ಬೇಕಾದ ಸ್ಪ್ರಿಂಗ್ ಆದರೆ, 1.8 ಮಿ.ಮೀ. ಸಡಿಲಾದಾಗ 3.6 ಕೆ.ಜಿ. ಹಿಡಿತ ಹೋದ ಹಾಗೆ. ಏರಿದಷ್ಟೇ ದಪ್ಪದ ಶಿಮ್ (ತೆಳು ಬಿಲ್ಲೆ) ಸ್ಪ್ರಿಂಗಿನ ಅಡಿಗೆ ಹಾಕಿದರೆ ಹಿಡಿತ ವಾಪಸ್ ಬರುತ್ತದೆ. ಶಿಮ್ ಹಾಕಿದ ಮೇಲೆ ವಾಲ್ವ್ ಪೂರ್ತಿ ತೆರೆದು, ಸ್ಪ್ರಿಂಗ್ ಸುತ್ತುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತಿಲ್ಲ ತಾನೆ ಅಂತ ನೋಡಿ. ಸುತ್ತುಗಳ ನಡುವಿನ ಸಂದಿ ಎಲ್ಲಾ ಕೂಡಿದರೆ 1 ಮಿ.ಮೀ. ಆದರೂ ಮೇಲಿರಬೇಕು. ಸ್ಪ್ರಿಂಗ್ ಪ್ಲೇಟು ಗೈಡಿನ ಆಯಿಲ್ ಸೀಲಿಗೆ ತಾಗಬಾರದು.

ಹೆಡ್ ಫೇಸಿಂಗ್, ಅಂದರೆ ಹೆಡ್ಡಿನ ಅಡಿ ಮುಖ ಕೆರೆದು ಮಟ್ಟ ಮಾಡುವ ವಿಷಯದಲ್ಲಿ ಒಂದು ಗೊಂದಲ ಇದೆ. ಫೇಸಿಂಗ್ ಮಾಡಿಸಿದ್ದಕ್ಕೇ ರಾಕರ್ ಓರೆಯಾಯಿತು ಅಂತ ಹೇಳುವವರು ಸಿಗುತ್ತಾರೆ. ಯೋಚನೆ ಮಾಡಿ. ವಾಲ್ವೂ ಹೆಡ್ಡಿನ ಮೇಲೆ ಕೂತಿದೆ, ಶಾಫ್ಟ್ ಹಿಡಿದಿರುವ ರಾಕರ್ ಬ್ರಾಕೆಟ್ಟೂ ಹೆಡ್ಡಿನ ಮೇಲೆ ಕೂತಿದೆ. ಕೆಳಗೆ ಫೇಸ್ ತೆಗೆದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಅವೆರಡರ ನಡುವೆ ಏನೂ ಬದಲಾಗುವುದಿಲ್ಲ. ಬದಲಾಗುವುದು ಪುಶ್ ರಾಡ್ (ರಾಕರಿನ ಇನ್ನೊಂದು ತುದಿಯನ್ನು ಕೆಳಗಿಂದ ಎತ್ತುವ ಕಡ್ಡಿ) ಕಡೆ. ಅದು ಬ್ಲಾಕಿನ ಒಳಗಿಂದ ಬರುತ್ತದೆ, ಹೆಡ್ ಕೆಳಗಿಳಿದಷ್ಟು ಅದು ಉದ್ದವಾದ ಹಾಗೆ. ಟ್ಯಾಪೆಟ್ ಸ್ಕ್ರೂ ಅಷ್ಟು ಮೇಲಕ್ಕೆ ಬಿಚ್ಚಬೇಕಾಗುತ್ತದೆ. ಸ್ಕ್ರೂ ಎಲ್ಲಾ ಬಿಚ್ಚಿದರೂ ಸಂದಿ ಬರದಿದ್ದರೆ ಪುಶ್ ರಾಡ್ ಉದ್ದ ನೋಡಬೇಕು, ಅಥವಾ ಗ್ಯಾಸ್ಕೆಟ್ ದಪ್ಪ ನೋಡಬೇಕು. ಸೀಟಿನ ತಪ್ಪು ವಾಲ್ವ್ ಕಡೆ, ಫೇಸಿಂಗಿನ ಲೆಕ್ಕ ಪುಶ್ ರಾಡ್ ಕಡೆ. ಇವೆರಡನ್ನು ಬೆರೆಸದಿದ್ದರೆ ಅರ್ಧ ಗೊಂದಲ ಕಳೆಯಿತು.

ಈಗ ಪರೀಕ್ಷೆ. ಇದಕ್ಕೆ ದೊಡ್ಡ ಸಾಮಾನು ಬೇಡ, ಒಂದು ಮಾರ್ಕರ್ ಪೆನ್ನು ಸಾಕು. ಹೆಡ್ಡನ್ನು ಹಳೆಯ ಗ್ಯಾಸ್ಕೆಟ್ ಮೇಲೆ ಬ್ಲಾಕಿಗೆ ಕೂರಿಸಿ ನಾಲ್ಕು ಬೋಲ್ಟ್ ಬಿಗಿ ಮಾಡಿ. ಪುಶ್ ರಾಡ್‌ಗಳನ್ನು ಮೊದಲೇ ಗಾಜಿನ ಮೇಲೆ ಉರುಳಿಸಿ ನೋಡಿರಬೇಕು, ಬಗ್ಗಿದ್ದು ಕುಂಟುತ್ತಾ ಉರುಳುತ್ತದೆ. ಸ್ಟೆಮ್ ತುದಿಗಳಿಗೆಲ್ಲ ಕಪ್ಪು ಮಾರ್ಕರ್ ಬಳಿದು ಒಣಗಲು ಬಿಡಿ. ರಾಕರ್ ಕೂರಿಸಿ, ಸಂದಿ ಇಲ್ಲದ ಹಾಗೆ ಸ್ಕ್ರೂ ಮುಟ್ಟಿಸಿ. ಆಮೇಲೆ ಕ್ರ್ಯಾಂಕನ್ನು ಕೈಯಿಂದ, ಸ್ಪ್ಯಾನರ್ ಹಾಕಿ, ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್ನಿಗೆ ತಾಗಿರಬಹುದು.

ರಾಕರ್ ತೆಗೆದು ನೋಡಿ. ಕಪ್ಪಿನಲ್ಲಿ ಒಂದು ಹೊಳೆಯುವ ಪಟ್ಟಿ ಕಾಣುತ್ತದೆ. ಪಟ್ಟಿ ಸಣ್ಣದಾಗಿ ನಡುವೆ ಇದ್ದರೆ ಗೆದ್ದಿರಿ. ಪಟ್ಟಿ ಅಗಲವಾಗಿದ್ದರೆ ಎತ್ತರದ ತಪ್ಪು ಅಂತ ತಿಳಿಯಿರಿ. ಪಟ್ಟಿ ಸಣ್ಣದೇ ಇದ್ದು ಶಾಫ್ಟಿನ ಉದ್ದಕ್ಕೆ, ಅಂದರೆ ಪಕ್ಕದ ರಾಕರ್ ಕಡೆಗೆ ಸರಿದಿದ್ದರೆ ಅದು ಎತ್ತರದ್ದಲ್ಲ. ರಾಕರ್ ನಡುವಿನ ವಾಷರ್, ಸ್ಪ್ರಿಂಗ್ ಅದಲುಬದಲಾಗಿದೆಯಾ ನೋಡಿ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ತಿರುಗುತ್ತಾ ಇರಲಿ ಅಂತ ಕಂಪನಿಯವರೇ ಸ್ವಲ್ಪ ಪಕ್ಕಕ್ಕೆ ಇಟ್ಟಿರುತ್ತಾರೆ. ಎಲ್ಲ ವಾಲ್ವ್‌ಗಳಲ್ಲೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ಅದನ್ನು ಕೆದಕಬೇಡಿ.

ಎಲ್ಲಾ ಸ್ಟೆಮ್‌ಗಳೂ ಒಂದೇ ಸಮ ಏರಿವೆ, ಉದಾಹರಣೆಗೆ 0.5 ಮಿ.ಮೀ., ವಾಲ್ವ್ ಒಳಗಿರುವ ಅಳತೆ ಇನ್ನೂ ಮ್ಯಾನ್ಯುಯಲ್ ಮಿತಿಯೊಳಗೇ ಇದೆ ಅನ್ನಿ. ಆಗ ಸೀಟ್ ರಿಂಗ್ ಬೇಕಿಲ್ಲ. ರಾಕರ್ ಬ್ರಾಕೆಟ್‌ಗಳ ಅಡಿಗೆ ಅಷ್ಟೇ ದಪ್ಪದ ಶಿಮ್ ಹಾಕಿ ಶಾಫ್ಟನ್ನೇ ಎತ್ತಬಹುದು. ಎಲ್ಲ ಬ್ರಾಕೆಟ್‌ಗೂ ಒಂದೇ ದಪ್ಪ ಇರಲೇಬೇಕು, ಇಲ್ಲದಿದ್ದರೆ ಶಾಫ್ಟ್ ಬಗ್ಗುತ್ತದೆ. ಯಾವುದಾದರೂ ಒಂದು ಬ್ರಾಕೆಟ್ಟಿನ ಮೂಲಕ ರಾಕರ್‌ಗೆ ಎಣ್ಣೆ ಬರುತ್ತದೆ. ಅದರ ಶಿಮ್‌ನಲ್ಲಿ ಎಣ್ಣೆ ತೂತು ಸರಿಯಾಗಿ ಕೊರೆದಿರಬೇಕು. ನಮ್ಮ ಹುಡುಗ ಒಂದು ಸಲ ಆ ತೂತು ಕೊರೆಯದೆ ಕೂರಿಸಿದ್ದ. ಎಂಜಿನ್ ಸ್ಟಾರ್ಟ್ ಮಾಡಿ, ಕವರ್ ಹಾಕುವ ಮೊದಲು ಎಣ್ಣೆ ಬರುವುದನ್ನು ನೋಡುವ ಪದ್ಧತಿ ಇದ್ದದ್ದರಿಂದ ಶಾಫ್ಟ್ ಉಳಿಯಿತು. ಆ ಪದ್ಧತಿ ಬಿಡಬೇಡಿ.

ಒಂದೇ ಒಂದು ವಾಲ್ವ್ ಏರಿದ್ದರೆ ಬ್ರಾಕೆಟ್ ಶಿಮ್ ಕೆಲಸ ಮಾಡುವುದಿಲ್ಲ. ಒಂದಕ್ಕೆ ಸರಿ ಮಾಡಲು ಹೋಗಿ ಐದು ಕೆಡುತ್ತವೆ.

ರಾಕರ್ ಮೂತಿಯನ್ನು ಬೆರಳಲ್ಲಿ ಸವರಿ ನೋಡಿ. ಸವೆದು ತಗ್ಗು ಬಿದ್ದಿದ್ದರೆ ಫೀಲರ್ ಗೇಜ್ ಆ ತಗ್ಗಿನ ಮೇಲೆ ಸೇತುವೆಯ ಹಾಗೆ ಕೂರುತ್ತದೆ. 0.30 ಅಂತ ಸೆಟ್ ಮಾಡಿದ್ದೇನೆ ಅಂದುಕೊಂಡಿರುತ್ತೀರಿ, ನಿಜವಾಗಿ 0.40 ಇರುತ್ತದೆ, ಟಕ ಟಕ ಸದ್ದು ಹೋಗುವುದೇ ಇಲ್ಲ. ಸಣ್ಣ ತಗ್ಗಾದರೆ ಮೊದಲಿನ ಗುಂಡು ಕೆಡದ ಹಾಗೆ ಉಜ್ಜಬಹುದು. ಆಳವಾಗಿದ್ದರೆ ರಾಕರ್ ಬದಲಿಸಿ. ಶಾಫ್ಟಿನ ಅಡಿಭಾಗ ಸವೆದಿದೆಯಾ ಅದನ್ನೂ ನೋಡಿ, ಭಾರ ಬೀಳುವುದು ಆ ಕಡೆ ಒಂದರಲ್ಲೇ ಆದ್ದರಿಂದ ಮೇಲಿನಿಂದ ನೋಡಿದರೆ ಹೊಸದರ ಹಾಗೆ ಕಾಣುತ್ತದೆ.

ಟ್ಯಾಪೆಟ್ ಸೆಟ್ ಮಾಡುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಇಷ್ಟೆಲ್ಲಾ ಆದ ಮೇಲೆ ಕೊನೆಗೆ ಮಾಡಿ, ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ.

ಪಾಂಡವಪುರದ ಟ್ರ್ಯಾಕ್ಟರಿಗೆ ಆರೂ ಗೈಡ್ ಬದಲಿಸಿದೆ. ಎರಡನೇ ಸಿಲಿಂಡರ್ ಇನ್‌ಲೆಟ್ ಸೀಟಿಗೆ ರಿಂಗ್ ಹಾಕಿಸಿದೆ. ತುದಿಯಲ್ಲಿ ತಗ್ಗು ಬಿದ್ದಿದ್ದ ಆ ವಾಲ್ವನ್ನೂ ಬದಲಿಸಿದೆ. ಉಳಿದ ಐದು ಸೀಟುಗಳನ್ನು ಹೊಸ ಗೈಡಿಗೆ ಹೊಂದುವಷ್ಟು ಮಾತ್ರ ಮುಟ್ಟಿದೆ. ಕೊನೆಗೆ ಆರು ಸ್ಟೆಮ್‌ಗಳ ಎತ್ತರದಲ್ಲಿ 0.1 ಮಿ.ಮೀ. ಒಳಗಿನ ವ್ಯತ್ಯಾಸ ಉಳಿಯಿತು. ಮೂರು ದಿನ ಹಿಡಿಯಿತು. ಕಬ್ಬು ಕಟಾವಾಗಿ ಗದ್ದೆಯಲ್ಲಿ ಒಣಗುತ್ತಿತ್ತು, ಯಜಮಾನರು ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಆದರೂ ಮಾರ್ಕರ್ ಪರೀಕ್ಷೆ ಎರಡು ಸಲ ಮಾಡಿಯೇ ಬಿಟ್ಟೆ.

ಐವತ್ತು ಗಂಟೆ ಓಡಿಸಿ ಬನ್ನಿ ಅಂದಿದ್ದೆ. ಬಂದರು. ಎಂಜಿನ್ ತಣ್ಣಗಾಗಲು ಬಿಟ್ಟು, ಕವರ್ ತೆಗೆದು, ಎರಡನೇ ಸಿಲಿಂಡರಿನ ರಾಕರ್ ಸರಿಸಿ ಟಾರ್ಚ್ ಬಿಟ್ಟೆ. ಪಟ್ಟಿ ನಡುವೆ ಇತ್ತು, ಪಕ್ಕದ್ದರಷ್ಟೇ ಅಗಲ. ಅವರನ್ನೂ ಕರೆದು ತೋರಿಸಿದೆ. ಬಗ್ಗಿ ನೋಡಿ, "ಇಷ್ಟು ಸಣ್ ಗೆರೆಗಾ ಅಣ್ಣ ಇಷ್ಟೊಂದು?" ಅಂದರು. ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿದೆವು, ಮಟ್ಟ ಇಳಿದಿರಲಿಲ್ಲ. ಟ್ಯಾಪೆಟ್ ಇನ್ನೊಮ್ಮೆ ನೋಡಿ, ಕವರಿಗೆ ಹೊಸ ಪ್ಯಾಕಿಂಗ್ ಹಾಕಿ ಕಳಿಸಿದೆ. ಆ ಹೆಡ್ಡಿನ ಆರೂ ಅಳತೆ ನನ್ನ ಪುಸ್ತಕದಲ್ಲಿದೆ. ಮುಂದಿನ ಸಲ ಯಾರು ಬಿಚ್ಚಿದರೂ ಬಂದು ಕೇಳಬಹುದು.